ಬಂಡೆಯ ಮೇಲಿನ ಉಪ್ಪು

ಉಪ್ಪಿನ ಹರಳು ನಾಲಿಗೆಗೆ ತಾಕಿದರೆ ನನಗೆ ಊಟ ನೆನಪಾಗುವುದಿಲ್ಲ, ದನ ನೆನಪಾಗುತ್ತದೆ. ಇದನ್ನು ಮನೆಯಲ್ಲಿ ಹೇಳಿದರೆ ನನ್ನ ಹೆಂಡತಿ ತನ್ನ ಸಾರಿನ ಮೇಲಿನ ಟೀಕೆ ಎಂದು ತಿಳಿಯುತ್ತಾಳೆ. ಅದಕ್ಕೇ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ನಾನು ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿ ಬಿ.ಎ. ಆದವನು. ಆ ಪದವಿ ನನ್ನನ್ನು ಒಂದು ಕಡೆ ಕೂರಗೊಡಲಿಲ್ಲ. ಕೊರಟಗೆರೆಯಲ್ಲಿ ಕೆಲವು ಕಾಲ ಮೇಷ್ಟರಾಗಿದ್ದೆ. ಅದು ಬೇಸರವಾಗಿ ಶಿರಾದಲ್ಲಿ ಕಂಬಳಿ ವ್ಯಾಪಾರದವರೊಬ್ಬರ ಗುಮಾಸ್ತನಾದೆ. ಅದೂ ಬೇಸರವಾಗಿ ಈಗ ಮಧುಗಿರಿಯಲ್ಲಿ ಮತ್ತೆ ಮೇಷ್ಟರು. ಕೆಲಸ ನಿಲ್ಲಲಿಲ್ಲ, ಕಾಲೇಜು ಹಚ್ಚಿದ ಚಾಳಿ ಮಾತ್ರ ನಿಂತಿತು. ಯಾರು ಏನು ಹೇಳಿದರೂ ‘ಅದಕ್ಕೆ ಆಧಾರವೇನು?’ ಎಂದು ಕೇಳುತ್ತೇನೆ. ಕೇಳಿಸಿಕೊಳ್ಳಲು ಬೇರೆ ಯಾರೂ ಇಲ್ಲದಾಗ ನನ್ನ ನೆನಪನ್ನೇ ಹಿಡಿದು ನಿಲ್ಲಿಸಿ ಕೇಳುತ್ತೇನೆ. ಅದು ಬಹಳ ಸಲ ತಲೆ ತಗ್ಗಿಸಿಕೊಂಡು ನಿಲ್ಲುತ್ತದೆ.

ಈ ಯುದ್ಧದ ದಿನಗಳಲ್ಲಿ ನಮ್ಮ ಶಾಲೆಯಲ್ಲಿ ಒಂದು ಉಪನ್ಯಾಸವಾಯಿತು. ವಿಮಾನದಿಂದ ಬಾಂಬು ಬಿದ್ದರೆ ಏನು ಮಾಡಬೇಕೆಂದು ತಿಳಿಸಲು ಹೊರಗಿನಿಂದ ಒಬ್ಬ ಅಧಿಕಾರಿ ಬಂದಿದ್ದರು. ಮಧುಗಿರಿಯ ಮೇಲೆ ಬಾಂಬು ಹಾಕಿ ಜಪಾನಿನವನಿಗೆ ಆಗಬೇಕಾದ್ದೇನು ಎಂದು ನನಗೆ ಹೊಳೆಯಲಿಲ್ಲ. ಆದರೆ ಉಪನ್ಯಾಸಕ್ಕೆ ಜನ ಕಿಕ್ಕಿರಿದು ಸೇರಿದ್ದರು. ಕಿಟಕಿಗೆ ಕಪ್ಪು ಕಾಗದ ಅಂಟಿಸಬೇಕು, ಬಕೀಟಿನಲ್ಲಿ ಮರಳು ತುಂಬಿಡಬೇಕು, ಸದ್ದು ಕೇಳಿದೊಡನೆ ಬೆಂಚಿನ ಕೆಳಗೆ ಮಲಗಬೇಕು ಎಂದೆಲ್ಲ ಹೇಳಿ, ಯಾರಿಗಾದರೂ ಸಂದೇಹವಿದೆಯೇ ಎಂದು ಆ ಮಹನೀಯರು ಕೇಳಿದರು. ಬಾಗಿಲ ಬಳಿ ನಿಂತಿದ್ದ ಬಾಷು ಸಾಬರು ಕೈ ಎತ್ತಿದರು.

ಬಾಷು ಸಾಬರು ಶಿರಾದವರು. ಮಧುಗಿರಿಯಲ್ಲಿ ಜಟಕಾ ಹೊಡೆಯುತ್ತಾರೆ. ಅವರ ಹೆಣ್ಣು ಕುದುರೆಯ ಹೆಸರು ಚಮೇಲಿ, ಎಂದರೆ ಮಲ್ಲಿಗೆ. ಹೆಸರಿನ ಪರಿಮಳ ಕುದುರೆಗೆ ಇಲ್ಲ ಎಂಬುದನ್ನು ಮುಂದಿನ ಸೀಟಿನಲ್ಲಿ ಕೂತ ಯಾರಾದರೂ ಹೇಳಬಲ್ಲರು.

“ನಂದು ಹೆಂಗಾರ ಆಗ್ಲಿ ಸ್ವಾಮಿ, ಬೆಂಚಿನ ಕೆಳಗೆ ತೂರ್ಕೊಂತೀನಿ,” ಎಂದರು. “ಕುದುರೆ ಎಲ್ಲಿ ತೂರಿಸ್ಲಿ?”

ಜನ ನಕ್ಕರು. ಅಧಿಕಾರಿಗಳೂ ನಕ್ಕು, ಗಟ್ಟಿಯಾದ ಗೂಟಕ್ಕೆ ಕಟ್ಟಿಬಿಟ್ಟು ಬರಬೇಕು ಎಂದರು. ಬಾಷು ಸಾಬರು ನಗಲಿಲ್ಲ.

“ಕಟ್ಟಿದ್ರೆ ಅಲ್ಲೇ ಸಾಯ್ತದೆ. ಬಿಟ್ರೆ ಸೀದಾ ಮನೆಗೆ ಬರ್ತದೆ, ಮನೆಗೇ ಬೆಂಕಿ ಬಿದ್ದಿದ್ರೂ. ಅದ್ಕೆ ಬೇರೆ ಜಾಗ ಗೊತ್ತಿಲ್ಲ ಸ್ವಾಮಿ.”

ಅಧಿಕಾರಿಗಳು ಗಡಿಯಾರ ನೋಡಿಕೊಂಡರು. ಸಭೆ ಮುಗಿಯಿತು. ನಾನು ಮಾತ್ರ ಮನೆಗೆ ಹೋಗುವ ದಾರಿಯುದ್ದಕ್ಕೂ ‘ಬೇರೆ ಜಾಗ ಗೊತ್ತಿಲ್ಲ’ ಎಂಬ ಮಾತನ್ನೇ ಮೆಲುಕು ಹಾಕುತ್ತಿದ್ದೆ. ದನಕ್ಕೆ ಬೇರೆ ಜಾಗ ಗೊತ್ತುಮಾಡಿಸಿದ್ದ ಒಂದು ಊರನ್ನು ನಾನು ಬಲ್ಲೆ ಎನ್ನಿಸಿತು. ಬಲ್ಲೆನೋ, ಬಲ್ಲೆನೆಂದು ನನ್ನ ನೆನಪು ಹೇಳುತ್ತಿದೆಯೋ, ಅದು ಬೇರೆ ವಿಚಾರ.

ಅದು ನನ್ನ ತಾಯಿಯ ತವರೂರು, ದೊಡ್ಡೇರಿ ಹೋಬಳಿಯಲ್ಲಿ ಒಂದು ದೊಡ್ಡ ಕೆರೆಯ ಕೆಳಗಿನ ಹಳ್ಳಿ. ಮನೆಯ ಹಿತ್ತಿಲಲ್ಲಿ ನಿಂತು ಕತ್ತೆತ್ತಿದರೆ ಕೆರೆಯ ಏರಿ ಕಾಣುತ್ತಿತ್ತು. ಎಂದರೆ ನಾವು ಒಲೆ ಹಚ್ಚುವ ಜಾಗಕ್ಕಿಂತ ಮೇಲೆ ನೀರು ನಿಂತಿರುತ್ತಿತ್ತು. ಊರಿನ ಇನ್ನೊಂದು ಪಕ್ಕದಲ್ಲಿ ಆನೆ ಮಲಗಿದಂಥ ಒಂದು ಬಂಡೆ. ಅದರ ಬೆನ್ನಿನ ಮೇಲೆ ಬೋಗುಣಿಯಂಥ ಕುಳಿಗಳು. ಉತ್ತರೆ ಮಳೆ ಹಿಡಿದು ಕೆರೆಗೆ ನೀರು ಬರತೊಡಗಿತೆಂದರೆ ಪ್ರತಿ ಸೋಮವಾರ ಆ ಕುಳಿಗಳಿಗೆ ಉಪ್ಪು, ಹುರುಳಿ ನುಚ್ಚು ಬೀಳುತ್ತಿತ್ತು. ಸೋಮವಾರ ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲವಷ್ಟೆ, ಅದಕ್ಕೆ ಆ ವಾರ. ಕೆರೆಯ ತೂಬು ಕಾಯುವ ನೀರಗಂಟಿ ಮೂಡ್ಲಪ್ಪ ಬಂಡೆಯ ಮೇಲೆ ನಿಂತು ಜಾಗಟೆ ಬಾರಿಸುತ್ತಿದ್ದ. ಮನೆಮನೆಯಲ್ಲೂ ಹೆಂಗಸರು ದನದ ಕಣ್ಣಿ ಬಿಚ್ಚಿ, ಉಪ್ಪಿನ ಮಡಕೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಡುತ್ತಿದ್ದರು. ಹೊಡೆಯುವುದಿಲ್ಲ, ಅಟ್ಟುವುದಿಲ್ಲ. ದನಗಳು ತಾವಾಗಿಯೇ ಬಂಡೆ ಹತ್ತಿ ಕುಳಿಗೆ ಬಾಯಿ ಹಾಕುತ್ತಿದ್ದವು.

ಇದರಿಂದ ಆ ಊರಿಗೆ ಒಂದು ವಿಚಿತ್ರ ಕಟ್ಟಳೆ ಬಂದಿತ್ತು. ಶ್ರಾವಣ ಶನಿವಾರದ ದಾಸಯ್ಯಗಳು ಶಂಖ ಜಾಗಟೆಗಳೊಡನೆ ಭಿಕ್ಷೆಗೆ ಬರುತ್ತಾರಲ್ಲ, ಅವರು ನಮ್ಮ ಅಜ್ಜಿಯ ಊರಿಗೆ ಬಂದರೆ ಜಾಗಟೆಯನ್ನು ಊರಬಾಗಿಲಲ್ಲೇ ಚೀಲಕ್ಕೆ ಹಾಕಿಕೊಳ್ಳಬೇಕು. ಶಂಖ ಎಷ್ಟು ಬೇಕಾದರೂ ಊದಬಹುದು. ಯಾವನೋ ಹೊಸ ದಾಸಯ್ಯ ಇದನ್ನು ತಿಳಿಯದೆ ಬೀದಿಯ ನಡುವೆ ಭಕ್ತಿಯಿಂದ ಬಾರಿಸಿದನಂತೆ. ಉಳುತ್ತಿದ್ದ ಎತ್ತುಗಳು ನೇಗಿಲು ಸಮೇತ ಬಂಡೆಯ ಕಡೆ ಹೊರಟವಂತೆ. ದಾಸಯ್ಯ ತನ್ನ ಹಿಂದೆ ಮುಂದೆ ದನಗಳನ್ನು ಕಂಡು, ಸ್ವಾಮಿ ಪ್ರಸನ್ನನಾದನೆಂದು ಬಗೆದು ಇನ್ನೂ ಜೋರಾಗಿ ಬಾರಿಸಿದನಂತೆ. ಇದನ್ನು ನಾನು ಕಣ್ಣಾರೆ ಕಂಡಂತೆ ಎಷ್ಟೋ ಜನಕ್ಕೆ ಹೇಳಿದ್ದೇನೆ. ಆದರೆ ನೇಗಿಲನ್ನು ಎಳೆದುಕೊಂಡು ಎತ್ತು ಬಂಡೆ ಹತ್ತಲು ಆಗುತ್ತದೆಯೇ? ‘ಅಂತೆ’ಗಳನ್ನು ಈಗಲಾದರೂ ಸೇರಿಸಿಕೊಳ್ಳುವುದು ಮರ್ಯಾದೆ.

ಈ ಉಪ್ಪಿಡುವುದು ಏಕೆ? ಕಾಲೇಜು ಸೇರಿದ ಹೊಸತರಲ್ಲಿ ರಜೆಗೆ ಹೋದಾಗ ಇದನ್ನು ಪತ್ತೆ ಮಾಡಿಯೇ ತೀರುತ್ತೇನೆಂದು ಹೊರಟೆ. ಅಜ್ಜಿ ಅದು ಬಸವಣ್ಣನಿಗೆ ಎಡೆ ಎಂದಳು. ಮೂಡ್ಲಪ್ಪ, ಬಂಡೆಯ ಬಿಸಿಗೆ ಉಣ್ಣಿ ಉದುರುತ್ತವೆ ಎಂದ. ನನ್ನ ಸೋದರಮಾವ, ನಮ್ಮಪ್ಪ ಇಡುತ್ತಿದ್ದ, ನಾನೂ ಇಡುತ್ತೇನೆ, ಓದಿ ಬಂದು ನೀನು ಬೇಕಾದರೆ ಸಕ್ಕರೆ ಇಡು ಎಂದರು. ನಾನು ಏರಿಯನ್ನೂ ಬಂಡೆಯನ್ನೂ ನೋಡಿ, ಮೇಲಿಂದ ಕೆಳಕ್ಕೆ ಕೈ ತೋರಿಸಿ, ಅಂದಿನ ನನ್ನ ಜಾಣತನವನ್ನೆಲ್ಲ ಸೇರಿಸಿ ಅಜ್ಜಿಯನ್ನು ಕೇಳಿದೆ:

“ಅಜ್ಜೀ, ಕೆರೆ ಒಡೆದರೆ ದನ ಉಳಿಯಲಿ ಅಂತ ತಾನೆ ಇದು?”

ಅಜ್ಜಿ ರಾಗಿ ಕೇರುತ್ತಿದ್ದಳು. ಮೊರ ನಿಂತಿತು.

“ಬುಡ್ತು ಅನ್ನು.”

“ಅಲ್ಲ ಅಜ್ಜಿ, ನಾನು ಕೇಳಿದ್ದು...”

“ಮದ್ಲು ಬುಡ್ತು ಅನ್ಲಾ. ತುಂಬಿದ ಕೆರೆ ಕೇಳಿಸ್ಕಂತದೆ.”

ಬಿಡ್ತು ಎಂದೆ. ಮೊರ ಮತ್ತೆ ಆಡಿತು. ನನ್ನ ಸಂಶೋಧನೆ ಅಲ್ಲಿಗೆ ಮುಗಿಯಿತು. ಕೇಡಿಗೆ ಸಿದ್ಧವಾಗಿರಬೇಕು, ಕೇಡಿನ ಹೆಸರೆತ್ತಬಾರದು. ಆ ಊರಿನ ಜನ ಇವೆರಡನ್ನೂ ಹೇಗೋ ಒಂದೇ ಮಡಕೆಯಲ್ಲಿ ಇಟ್ಟುಕೊಂಡಿದ್ದರು. ಅಥವಾ ಇಟ್ಟುಕೊಂಡೇ ಇರಲಿಲ್ಲ, ನಿಜವಾಗಿಯೂ ಉಣ್ಣಿಗಾಗಿಯೇ ಇದ್ದಿರಬಹುದು. ತರ್ಕಶಾಸ್ತ್ರ ಇಂಥ ಕಡೆ ಬಹಳ ಸಹಾಯ ಮಾಡುವುದಿಲ್ಲ.

ಹೆಸರೆತ್ತದ ಏರ್ಪಾಡಿನ ತೊಡಕು ಏನೆಂದರೆ, ಅದನ್ನು ಹೊಸಬರಿಗೆ ಹೇಳಿಕೊಡುವುದು ಹೇಗೆ? ನನ್ನ ಅತ್ತೆ, ಸೋದರಮಾವನ ಹೆಂಡತಿ ಅಕ್ಕಮ್ಮ, ಪಾವಗಡದ ಕಡೆಯವಳು, ತಿರುಮಣಿಯ ಹತ್ತಿರ. ಅಲ್ಲಿ ಕೆರೆ ಒಡೆಯುವುದಿರಲಿ, ತುಂಬಿದ್ದನ್ನು ನೋಡಿದವರೇ ಕಡಮೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಮದುವೆಯಾಗಿ ಬಂದ ಮೊದಲ ಸೋಮವಾರ ಅವಳ ಕೈಗೂ ಉಪ್ಪಿನ ಮಡಕೆ ಕೊಟ್ಟು ಜಾಗಟೆ ಬಾರಿಸಿದಾಗ ಹೊರಡು ಎಂದರು. ಏಕೆಂದು ಅವಳೂ ಕೇಳಿದಳು, ಅವಳಿಗೂ ಬಸವಣ್ಣನ ಎಡೆ ಎಂದಾಯಿತು. ಹೊರಟಳು.

ಅವಳು ಹುಡುಗಿಯಾಗಿದ್ದಾಗ ತವರಿನಲ್ಲಿ ಒಂದು ಹೋರಿಗರುವಿಗೆ ಕೈಯಾರೆ ಗಂಜಿ ಕುಡಿಸಿ ಬೆಳೆಸಿದ್ದಳಂತೆ. ತಾಯಿ ಸತ್ತ ಕರು. ಹೆಸರು ರಾಮುಡು. ಒಂದು ವರ್ಷ ಮಾವನ ಎತ್ತಿನ ಜೋಡಿಯಲ್ಲಿ ಒಂದು ಸತ್ತುಹೋಗಲು, ಅತ್ತೆಯ ಅಣ್ಣ ಆ ರಾಮುಡುವನ್ನೇ ನಡೆಸಿಕೊಂಡು ಬಂದು ತಂಗಿಯ ಮನೆಗೆ ಬಿಟ್ಟುಹೋದ. ಆಗ ಅದು ಕೊಂಬು ಹಿಂದಕ್ಕೆ ಬಾಗಿದ ದೊಡ್ಡ ಎತ್ತು. ಬಾಗಿಲಲ್ಲಿ ಅತ್ತೆಯನ್ನು ಕಂಡು ಅದು ಮೂಸಿದ್ದನ್ನೂ, ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡದ್ದನ್ನೂ ನನ್ನ ತಾಯಿ ಹೇಳುತ್ತಿದ್ದಳು. ತವರಿನಿಂದ ಅವಳಿಗೆ ಬೇರೆ ಏನೂ ಬಂದಿರಲಿಲ್ಲ. ಬರುವುದೂ ಇರಲಿಲ್ಲ.

ರಾಮುಡುವಿಗೆ ಕನ್ನಡ ಬಾರದು. ಮಾವ ನಿಲ್ಲು ಎಂದರೆ ನಡೆಯುತ್ತಿತ್ತು, ನಡೆ ಎಂದರೆ ಯೋಚಿಸುತ್ತಿತ್ತು. ಉಳುವಾಗ ಅತ್ತೆ ಬದುವಿನ ಮೇಲೆ ನಿಂತು ತೆಲುಗಿನಲ್ಲಿ ಕೂಗಬೇಕಾಗಿತ್ತು. “ಎತ್ತು ಕೊಟ್ಟ, ಜತೆಗೊಬ್ಬ ದುಬಾಸೀನೂ ಕೊಟ್ಟವ್ನೆ ನಮ್ ಭಾವ,” ಎಂದು ಮಾವ ಗೊಣಗುತ್ತಿದ್ದರು. ಆ ಮಳೆಗಾಲದ ಸೋಮವಾರಗಳಲ್ಲಿ ಅದನ್ನು ಬಂಡೆಗೆ ಬಿಡಲಿಲ್ಲ. ಹೊಸ ಎತ್ತು, ಕುಳಿಯ ಹತ್ತಿರ ಬೇರೆ ದನಗಳನ್ನು ಹಾಯುತ್ತದೆ, ಮುಂದಿನ ವರ್ಷ ನೋಡೋಣ ಎಂದರು ಮಾವ. ಎಡೆ ತಾನೆ, ಒಂದು ವರ್ಷ ತಪ್ಪಿದರೆ ಬಸವಣ್ಣ ಮುನಿಯುವುದಿಲ್ಲ. ಅಜ್ಜಿಗೆ ಇದು ಸರಿ ಕಾಣಲಿಲ್ಲವಂತೆ. ಏಕೆ ಸರಿಯಲ್ಲ ಎಂದು ಹೇಳಬೇಕಾದರೆ ಆ ಮಾತನ್ನೇ ಎತ್ತಬೇಕಲ್ಲ. ಅಜ್ಜಿ ಸುಮ್ಮನಾದಳು.

ಕೆರೆ ಒಡೆದದ್ದು ಆ ವರ್ಷ ಚಿತ್ತೆ ಮಳೆಯಲ್ಲಿ. ಮಳೆಯಲ್ಲಿ ಎನ್ನುವುದು ತಪ್ಪು, ಒಳ್ಳೆಯ ಬಿಸಿಲಿನಲ್ಲಿ. ಮಳೆ ಮೇಲಿನ ಸೀಮೆಯಲ್ಲಿ ಹೊಯ್ದು ನಿಂತಿತ್ತು. ನಮ್ಮಲ್ಲಿ ಆಕಾಶ ತೊಳೆದಿಟ್ಟಂತಿತ್ತು. ನಾನು ಕಾಲೇಜಿನ ದಸರೆಯ ರಜೆಗೆ ಹೋಗಿದ್ದೆ. ಮಾವ ಬದುಕಿರುವವರೆಗೂ, ಆ ವರ್ಷ ನಾನು ಬಂದೇ ಇರಲಿಲ್ಲ, ಬಂದಿದ್ದರೆ ನೆಲದೊಳಗಿನ ಹಗೇವಿನಿಂದ ನೆನೆದ ರಾಗಿ ಎತ್ತುವಾಗ ಒಂದು ದಿನವಾದರೂ ಕೈಗೆ ಸಿಗಬೇಕಾಗಿತ್ತು ಎನ್ನುತ್ತಿದ್ದರು. ವಾದದಲ್ಲಿ ತಿರುಳಿದೆ. ಆದರೂ ನನಗೆ ಕಂಡದ್ದನ್ನು ಹೇಳುತ್ತೇನೆ.

ಬೆಳಗಿನ ಊಟದ ಹೊತ್ತು. ಜಾಗಟೆ ಕೇಳಿಸಿತು. ಬಂಡೆಯ ಕಡೆಯಿಂದಲ್ಲ, ಏರಿಯ ಕಡೆಯಿಂದ. ಮೂಡ್ಲಪ್ಪ ಏರಿಯಲ್ಲಿ ನೀರು ಜಿನುಗುತ್ತಿದ್ದ ಕಡೆ ಮಣ್ಣು ಕುಸಿಯುವುದನ್ನು ಕಂಡು ಬಾರಿಸುತ್ತ ಓಡಿಬರುತ್ತಿದ್ದ. ಯಾರೂ ಕೂಗಲಿಲ್ಲ. ಮನೆಮನೆಯ ಕಣ್ಣಿಗಳು ಬಿಚ್ಚಿದವು. ಆ ಊರಿನ ಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆ ದನದ ಅಂಕಣ, ಆಮೇಲೆ ನಮ್ಮದು. ಬಾಗಿಲು ಇಬ್ಬರಿಗೂ ಒಂದೇ. ದನ ಮೊದಲು ಹೊರಟಿತು, ಜನ ಅದರ ಹಿಂದೆ. ಬೀದಿ ತುಂಬ ಗೊರಸಿನ ಸದ್ದು. ನಾವು ದಾರಿ ಹುಡುಕಬೇಕಾಗಿರಲಿಲ್ಲ, ಬಾಲಗಳನ್ನು ನೋಡಿಕೊಂಡು ನಡೆದರೆ ಸಾಕಾಗಿತ್ತು.

ಬಂಡೆ ಹತ್ತಿದ ದನಗಳೆಲ್ಲ ಕುಳಿಗಳಿಗೆ ಬಾಯಿ ಹಾಕಿದವು. ಕುಳಿಯಲ್ಲಿ ಮಳೆನೀರು ಬಿಟ್ಟು ಬೇರೇನೂ ಇರಲಿಲ್ಲ. ಮುಖವೆತ್ತಿ ನಮ್ಮನ್ನು ನೋಡಿದ ಆ ನೋಟ ನನ್ನ ಕಣ್ಣಿಗೆ ಇನ್ನೂ ಕಟ್ಟಿದಂತಿದೆ. ಕರೆದು ಮೋಸ ಮಾಡಿದ ನೆಂಟರನ್ನು ನೋಡುವ ನೋಟ. ಅಜ್ಜಿ ಬಂಡೆಯ ಮೇಲೆಯೇ ಮೂಡ್ಲಪ್ಪನನ್ನು ಹಿಡಿದು ಬೈಯತೊಡಗಿದಳು. ಉಪ್ಪಿಲ್ಲದೆ ಕರೆದೆಯಲ್ಲೋ, ಇನ್ನೊಂದು ಸಲ ನಂಬುತ್ತವೆಯೇ ಎಂದು. ಕೆಳಗೆ ಏರಿ ಬಾಯಿ ಬಿಡುತ್ತಿತ್ತು.

ಆಗ ಮಾವ ಸುತ್ತ ನೋಡಿ, “ಇವ್ಳೆಲ್ಲಿ?” ಎಂದರು.

ಅತ್ತೆ ಕೆಳಗೆ ಮನೆಯ ಮುಂದೆ ಇದ್ದಳು. ರಾಮುಡು ಅವಳ ಜತೆ ಹೊರಗೆ ಬರುತ್ತಿತ್ತು, ಬೀದಿಯ ನಡುವೆ ನಿಂತು ಸುತ್ತ ನೋಡುತ್ತಿತ್ತು, ಮತ್ತೆ ತಿರುಗಿ ಮನೆಯೊಳಕ್ಕೆ ಹೋಗಿ ತನ್ನ ಗೂಟದ ಹತ್ತಿರ ನಿಲ್ಲುತ್ತಿತ್ತು. ಅವಳು ಮತ್ತೆ ಹೊರಕ್ಕೆ ತರುತ್ತಿದ್ದಳು. ಅದು ಮತ್ತೆ ಒಳಕ್ಕೆ. ಮಾವ ಬಂಡೆಯಿಂದ ಇಳಿಯಹೊರಟರು, ನಾಲ್ಕು ಜನ ಹಿಡಿದುಕೊಂಡರು. “ಬುಟ್ಬುಟ್ ಬಾರೇ,” ಎಂದು ಕೂಗಿದರು. ಗಂಡ ಎತ್ತನ್ನು ಬಿಟ್ಟು ಬಾ ಎಂದು ಕೂಗುತ್ತಿದ್ದಾನೆ, ಅವಳು ಕೇಳದವಳಂತೆ ಇದ್ದಾಳೆ. ಮಾವನ ದನಿ ಒಡೆದುಹೋದದ್ದು ನನಗೆ ಗೊತ್ತು. ಅದಕ್ಕೆ ಮೊದಲಾಗಲಿ ಆಮೇಲಾಗಲಿ ನಾನು ಅವರ ಅಂಥ ದನಿ ಕೇಳಿಲ್ಲ.

ಮುಂದಿನದು ನನ್ನ ನೆನಪಿನಲ್ಲಿ ಬಹಳ ಸೊಗಸಾಗಿದೆ. ಅತ್ತೆ ಬಂಡೆಯ ಬುಡಕ್ಕೆ ಬಂದು ನಿಂತು, ಎರಡು ಕೈಯನ್ನೂ ಬಾಯಿಗಿಟ್ಟು, “ರಾ ನಾಯನಾ, ರಾ,” ಎಂದು ತೆಲುಗಿನಲ್ಲಿ ಕರೆಯುತ್ತಾಳೆ. ಆ ಕರೆ ಕೆರೆಯ ಮೊರೆತದ ಮೇಲೆ ತೇಲುತ್ತದೆ. ರಾಮುಡು ಕಿವಿ ನಿಗುರಿಸಿ ಹೊರಟು ಬರುತ್ತದೆ. ಹಿಂದೆ ಕೆಂಪು ನೀರು. ಅತ್ತೆ, ಎತ್ತು ಇಬ್ಬರೂ ಬಂಡೆ ಹತ್ತುತ್ತಾರೆ. ಈ ಕಥೆಯನ್ನು ನಾನು ಕೊರಟಗೆರೆಯ ತರಗತಿಯಲ್ಲಿ ಹೇಳಿ ಮಕ್ಕಳ ಕಣ್ಣಲ್ಲಿ ನೀರು ತರಿಸಿದ್ದೇನೆ. ಶಿರಾದಲ್ಲಿ ಕಂಬಳಿ ಕೊಳ್ಳಲು ಬಂದವರಿಗೂ ಹೇಳಿದ್ದೇನೆ. ಮಾತೃಭಾಷೆಯ ಮಹಿಮೆ ಎಂದು ಒಂದು ಭಾಷಣದಲ್ಲೂ ಸೇರಿಸಿದ್ದೆ.

ಬಾಷು ಸಾಬರ ಪ್ರಶ್ನೆ ಕೇಳಿದ ಮೇಲೆ ನನಗೆ ಆ ಕಥೆಯ ಮೇಲೆಯೇ ಅನುಮಾನ ಬಂತು. ಕರೆದರೆ ಬರುವ ಎತ್ತು ಮೊದಲೇ ಏಕೆ ಬರಲಿಲ್ಲ? ಅತ್ತೆ ಈಗ ಹಣ್ಣು ಮುದುಕಿ, ಆ ಊರಿನಲ್ಲಿಯೇ ಇದ್ದಾಳೆ. ಒಂದು ಭಾನುವಾರ ಹೊರಟೆ. ಜಗುಲಿಯ ಮೇಲೆ ಹುಣಸೆಬೀಜ ಬಿಡಿಸುತ್ತಿದ್ದಳು. ಮೊದಲು ನಾನು ಆ ವರ್ಷ ಇದ್ದೆನೋ ಇಲ್ಲವೋ ಎಂದು ಕೇಳಿದೆ.

“ಇದ್ದೆ ಕಣಪ್ಪ. ಮುದ್ದೆ ತಟ್ಟೆ ಹಿಡ್ಕಂಡೇ ಬಂಡೆ ಮ್ಯಾಲೆ ನಿಂತಿದ್ದೆ, ಎಂಜಲು ಕೈನಾಗೆ. ಎಲ್ರೂ ಅಳ್ತಾ ಇದ್ರು, ನಿನ್ನ ನೋಡಿ ನಗು ಬಂತು ನಂಗೆ.”

ನನ್ನ ನೆನಪಿನಲ್ಲಿ ತಟ್ಟೆ ಇರಲಿಲ್ಲ. ಇರಲಿ, ನಾನು ಇದ್ದದ್ದಕ್ಕೆ ಆಧಾರವಾದರೂ ಸಿಕ್ಕಿತು. ಆಮೇಲೆ, ನೀನು ತೆಲುಗಿನಲ್ಲಿ ಕರೆದೆಯಲ್ಲ ಎಂದೆ.

“ನಾನೆಲ್ಲಿ ಕರ್ದೆ? ಕರ್ದೂ ಕರ್ದೂ ಸಾಕಾಗಿತ್ತು. ಕರ್ದಷ್ಟೂ ಬತ್ತಿತ್ತು, ಬಂದಷ್ಟೂ ಒಳೀಕೆ ಹೋಯ್ತಿತ್ತು. ಕೊನೀಗೆ ಹೊರಗೆ ತಂದು ಬಾಗ್ಲು ಹಾಕ್ಬುಟ್ಟೆ.”

“ಬಾಗಿಲು?”

“ಹೊರಗ್ಲಿಂದ ಚಿಲ್ಕ ಹಾಕ್ದೆ. ಎಷ್ಟೊತ್ತು ಬಾಗ್ಲು ತೆಗ್ದಿರ್ತದೋ ಅಷ್ಟೊತ್ತೂ ಅದ್ಕೆ ಅದೇ ಮನೆ ಅಲ್ವಾ. ಹಾಕ್ಬುಟ್ಟು ತಿರುಗಿ ನೋಡ್ದಂಗೆ ನಡ್ದೆ. ನೋಡಿದ್ರೆ ನಾನೇ ನಿಂತ್ಕಂಬುಡ್ತಿದ್ದೆ. ಒಂದೀಟು ಹೊತ್ತು ಬಾಗ್ಲ ಮುಂದೆ ನಿಂತು ಅರಚ್ತು. ಆಮ್ಯಾಲೆ ಹಿಂದ್ಲಿಂದ ಗೊರಸಿನ ಸದ್ದು ಕೇಳ್ತು.”

ಆ ಬಾಗಿಲನ್ನೂ ಗೋಡೆಯನ್ನೂ ಮಧ್ಯಾಹ್ನದೊಳಗೆ ನೀರು ಕೊಂಡೊಯ್ಯಿತು. ಹಗೇವಿನ ರಾಗಿ ಮುಗ್ಗಿತು, ಕೋಳಿಗಳು ಹೋದವು. ಜನ, ದನ ಉಳಿದರು. ರಾಮುಡು ಆಮೇಲೆ ಬಹಳ ಕಾಲ ಉತ್ತು, ಮುದಿಯಾಗಿ, ಅದೇ ಊರಿನಲ್ಲಿ ಸತ್ತಿತು. ಕನ್ನಡ ಕಲಿಯಲೇ ಇಲ್ಲ ಎಂದು ಅತ್ತೆ ಹೇಳಿದಳು, ಸ್ವಲ್ಪ ಹೆಮ್ಮೆಯಿಂದಲೇ.

“ಬಂಡೆ ಹತ್ತಿದ ಮೇಲೆ ಬೇರೆಯವುಗಳನ್ನು ಹಾಯಿತೇ?”

“ಎಲ್ಲಿ ಹಾಯ್ತದೆ? ನನ್ನ ಕಂಕ್ಳಾಗಿನ ಮಡಕೇಗೆ ಮೂತಿ ಇಕ್ತು. ಅತ್ತೆಮ್ಮ, ನಿಮ್ಮಜ್ಜಿ, ನೋಡಿ, ಉಪ್ಪು ತಂದ್ಯೇನೇ ಅಂತ ಬಂದು ತಬ್ಕಂಡ್ರು. ಇರೋ ದನಕ್ಕೆಲ್ಲ ಒಂದೊಂದು ಚಿಟಿಕೆ ಇಕ್ಕಿದ್ವಿ.”

ಮಡಕೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಬೆಳ್ಳಿ ಬಿಟ್ಟು, ಸೀರೆ ಬಿಟ್ಟು, ಒಡೆಯುವ ಕೆರೆಯ ಕೆಳಗಿನಿಂದ ಉಪ್ಪಿನ ಮಡಕೆಯನ್ನು ಹೊತ್ತು ತಂದಳೆಂದರೆ ಎಂಥ ದೂರಾಲೋಚನೆ! ಎತ್ತನ್ನು ಒಲಿಸುವುದಕ್ಕೆಂದು ತಂದೆಯಾ, ದನಗಳಿಗೆ ಮೋಸವಾಗಬಾರದೆಂದು ತಂದೆಯಾ ಎಂದು ಕೇಳಿದೆ. ಅತ್ತೆ ಹುಣಸೆಬೀಜ ಬಿಡಿಸುವುದನ್ನು ನಿಲ್ಲಿಸಿ, ನಾನು ಬಿ.ಎ. ಮಾಡಿದ್ದು ನಿಜವೇ ಎಂಬಂತೆ ನೋಡಿದಳು.

“ಜಾಗಟೆ ಕೇಳ್ತು, ಮಡಕೆ ತಗಂಡೆ. ಇನ್ನೇನು?”

ಆ ಜಾಗಟೆ ದನಗಳನ್ನು ಮಾತ್ರ ಪಳಗಿಸಿತೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಕಣ್ಣಿ ಬಿಚ್ಚಿದ ಕೈಗಳನ್ನು, ಕೂಗಾಡದೆ ಬಾಲದ ಹಿಂದೆ ನಡೆದ ಜನರನ್ನು, ಯಾವ ಊರಿನಿಂದಲೋ ಬಂದ ಸೊಸೆಯ ಕಂಕುಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಪಳಗದೆ ಉಳಿದವರು ರಾಮುಡು ಮತ್ತು ನಾನು, ಇಬ್ಬರೇ. ಅದು ಗೂಟಕ್ಕೆ ಹೋಯಿತು, ನಾನು ತಟ್ಟೆ ಹಿಡಿದು ಓಡಿದೆ.

ಹೊರಡುವಾಗ ತಡೆಯಲಾರದೆ ಮತ್ತೆ ಅದೇ ಹಳೆಯ ಪ್ರಶ್ನೆ ಹಾಕಿದೆ. ಆ ಉಪ್ಪು ಕೆರೆಗೆ ಹೆದರಿಯೇ ಅಲ್ಲವೇ, ಕೆರೆ ಇನ್ನೊಮ್ಮೆ ಒಡೆದರೆ ಎಂದು ಬಾಯಿ ತೆರೆದೆ. ಕೆರೆಯನ್ನು ಆಮೇಲೆ ಕಟ್ಟಿದ್ದರು. ಅದು ಆ ದಿನ ತುಂಬಿ ನಿಂತಿತ್ತು.

“ಬುಡ್ತು ಅನ್ನು,” ಎಂದಳು ಪಾವಗಡದ ಅತ್ತೆ, ನನ್ನ ಅಜ್ಜಿಯ ದನಿಯಲ್ಲಿಯೇ.

ಬಿಡ್ತು ಎಂದೆ.

ಮಧುಗಿರಿಗೆ ಬಂದವನೇ ಬಾಷು ಸಾಬರನ್ನು ಹುಡುಕಿ ಇದೆಲ್ಲವನ್ನೂ ಹೇಳಿದೆ. ಮನೆಗಳಿಂದ ದೂರದಲ್ಲಿ ಒಂದು ಬಯಲು ನೋಡಿಕೊಳ್ಳಿ, ವಾರಕ್ಕೊಮ್ಮೆ ಅಲ್ಲಿ ಹುರುಳಿ ಇಡಿ, ಇಡುವ ಮೊದಲು ಜಟಕಾದ ಗಂಟೆ ಬಾರಿಸಿ, ಕಾಲ ಬಂದಾಗ ಲಾಯದ ಬಾಗಿಲು ಹಾಕಿಬಿಡಿ ಎಂದೆ. ಅವರು ಗಡ್ಡ ನೀವಿಕೊಂಡು ಕೇಳಿದರು. ಬೆಟ್ಟದ ಬುಡದ ಹಾಸುಗಲ್ಲನ್ನು ಅವರೇ ಆರಿಸಿದರು. ಈಗ ಪ್ರತಿ ಶುಕ್ರವಾರ ನಮಾಜು ಮುಗಿದ ಮೇಲೆ ಅಲ್ಲಿ ಗಂಟೆ ಕೇಳುತ್ತದೆ. ಚಮೇಲಿ ಗಾಡಿಯಿಲ್ಲದೆ ಬೀದಿಯಲ್ಲಿ ಒಬ್ಬಳೇ ನಡೆದು ಹೋಗುತ್ತಾಳೆ. ಮೊದಮೊದಲು ಜನ ಬೆದರಿ ದಾರಿ ಬಿಡುತ್ತಿದ್ದರು, ಈಗ ಗಂಟೆ ಕೇಳಿದರೆ ಪೇಟೆಯ ಹುಣಸೆಹಣ್ಣಿನ ಅಂಗಡಿಯವರು ತಾವಾಗಿಯೇ ಬುಟ್ಟಿ ಒಳಕ್ಕೆ ಎಳೆದುಕೊಳ್ಳುತ್ತಾರೆ. ಬಾಂಬು ಇನ್ನೂ ಬಂದಿಲ್ಲ.

ಮೊನ್ನೆ ನಾನೂ ಅಲ್ಲಿಯೇ ನಿಂತಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೊಸಬರು, ಲಾಯ ಬಿಟ್ಟು ಇಲ್ಲಿ ಏಕೆ ಹುರುಳಿ ಹಾಕುತ್ತೀರಿ ಸಾಬರೇ ಎಂದು ಕೇಳಿದರು. ವಿಮಾನ, ಯುದ್ಧ, ಮೇಷ್ಟರು ಹೇಳಿಕೊಟ್ಟದ್ದು, ಎಲ್ಲ ಹೊರಗೆ ಬರುತ್ತದೆಂದು ನಾನು ಕಾದೆ. ಬಾಷು ಸಾಬರು ಕುದುರೆಯ ಕಿವಿಯ ಹತ್ತಿರವೇ ನಿಂತಿದ್ದರು. ಒಮ್ಮೆ ಕುದುರೆಯನ್ನು ನೋಡಿದರು, ಒಮ್ಮೆ ಆಕಾಶವನ್ನು ನೋಡಿದರು.

“ಶುಕ್ರವಾರ ಅಲ್ವಾ ಸ್ವಾಮಿ,” ಎಂದರು.

ಆ ಹೊಸಬರು ನಂಬಲಾರದೆ ನನ್ನ ಕಡೆ ತಿರುಗಿದರು. ನಾನೂ ಹೌದು, ಶುಕ್ರವಾರ ಎಂದು ತಲೆಯಾಡಿಸಿದೆ.